ರೋಲ್ ಖರ್ಚು ಉಳಿದ ಮೇಲೆ

ಮೊನ್ನೆ ಬೆಳಗಾವಿಯ ಟಿಳಕವಾಡಿಯಲ್ಲಿ ಫೋಟೋಗ್ರಫಿ ಕಲಿಯುತ್ತಿರುವ ಕೆಲವು ಹುಡುಗಿಯರ ಜೊತೆ ಮಾತಾಡಲು ಕರೆದಿದ್ದರು. ಒಬ್ಬಳು ಎದ್ದು ನಿಂತು, ನಿಮ್ಮ ಕಾಲದಲ್ಲಿ ಒಂದೊಂದು ಫೋಟೋಗೂ ದುಡ್ಡು ಬೀಳುತ್ತಿತ್ತಂತೆ, ಹೇಗೆ ಬದುಕಿದಿರಿ, ನಮಗೆ ಈಗ ಎಷ್ಟು ತೆಗೆದರೂ ಪುಕ್ಕಟೆ ಅಲ್ಲವೆ, ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕು ಏನೋ ಒಂದು ಉತ್ತರ ಕೊಟ್ಟು ಬಂದೆ. ಆದರೆ ಆ 'ಪುಕ್ಕಟೆ' ಎಂಬ ಮಾತು ಮನೆಗೆ ಬಂದರೂ ನನ್ನನ್ನು ಬಿಡಲಿಲ್ಲ. ಅಂದು ಆ ಹುಡುಗಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದು ಕ್ಯಾಮೆರಾ ಹಿಡಿಯಲು ಅಲ್ಲ. ಪ್ರಿಂಟುಗಳ ಅಂಚು ಕತ್ತರಿಸುವುದು, ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್‌ನಿಂದ ಮುಖದ ಕಲೆ ಮುಚ್ಚುವುದು ನನ್ನ ಕೆಲಸ. ಮಾಲೀಕರು ವಸಂತರಾವ್. ಮನೆಮಾತು ಮರಾಠಿ, ಗಿರಾಕಿಗಳ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಅರಿಷಿಣ ಹಚ್ಚುವಾಗ ಒಳಕೋಣೆಗೆ ಗಂಡಸು ಫೋಟೋಗ್ರಾಫರ್ ಬರುವುದು ಬೇಡವೆಂದು ಒಂದು ಮನೆಯವರು ಹಟ ಹಿಡಿದಾಗ ಮಾಮಾ ತಮ್ಮ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದರು. ಅಲ್ಲಿಂದ ಶುರುವಾಯಿತು.

ಆಗ ಒಂದು ಮದುವೆಗೆ ನಾಲ್ಕು ರೋಲ್. ರೋಲಿಗೆ ಮೂವತ್ತಾರು ಚಿತ್ರ. ರೋಲಿನ ಬೆಲೆ, ತೊಳೆಯುವ ಬೆಲೆ, ಪ್ರಿಂಟಿನ ಬೆಲೆ ಎಲ್ಲ ಬಟನ್ ಒತ್ತುವ ಮೊದಲೇ ಗೊತ್ತು. ಗಿರಾಕಿಗೂ ಗೊತ್ತು. ಮನೆಯ ಯಜಮಾನ ನನ್ನ ಚೀಲದಲ್ಲಿ ರೋಲ್ ಎಣಿಸಿಯೇ ಮಂಟಪಕ್ಕೆ ಬಿಡುತ್ತಿದ್ದ. ಕಣ್ಣು ಮುಚ್ಚಿದ ಒಂದು ಚಿತ್ರ ಬಂದರೆ ಮಾಮಾ ಅದನ್ನು ಮೇಜಿನ ಮೇಲೆ ಬೇರೆ ಇಟ್ಟು, ಏನೂ ಅನ್ನದೆ ನನ್ನ ಕಡೆ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಒಬ್ಬಳೇ ಹೋದ ಮೊದಲ ಮದುವೆ ನಂದಗಡದಲ್ಲಿ. ಬೆಳಿಗ್ಗೆ ಖಾನಾಪುರದ ಬಸ್ ಹಿಡಿದು, ಅಲ್ಲಿಂದ ಟೆಂಪೋದಲ್ಲಿ ಹೋಗಿದ್ದೆ. ಗಡಿಬಿಡಿಯಲ್ಲಿ ಎರಡನೆಯ ರೋಲ್ ಹಾಕಿದೆ. ತಾಳಿ ಕಟ್ಟಿದರು, ಅಕ್ಷತೆ ಬಿತ್ತು, ಹಿರಿಯರ ಕಾಲಿಗೆ ಬಿದ್ದರು. ಎಲ್ಲ ತೆಗೆದೆ. ಕ್ಯಾಮೆರಾ ಮೂವತ್ತೆಂಟು ಎಂದು ತೋರಿಸಿತು. ಮೂವತ್ತಾರರ ರೋಲ್ ಒಮ್ಮೊಮ್ಮೆ ಮೂವತ್ತೆಂಟಕ್ಕೆ ಹೋಗುವುದುಂಟು. ಮೂವತ್ತೊಂಬತ್ತು, ನಲವತ್ತು. ಆಗ ಕ್ಯಾಮೆರಾದ ಎಡಗಡೆ ಇರುವ, ಫಿಲ್ಮ್ ಸುತ್ತುವ ಗುಂಡಿಯನ್ನು ನೋಡಿದೆ. ಫಿಲ್ಮ್ ಮುಂದೆ ಹೋದರೆ ಅದು ತಿರುಗಬೇಕು. ತಿರುಗುತ್ತಿರಲಿಲ್ಲ. ಫಿಲ್ಮಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ತಾಳಿ, ಅಕ್ಷತೆ, ಆಶೀರ್ವಾದ ಯಾವುದೂ ಕ್ಯಾಮೆರಾದ ಒಳಗೆ ಹೋಗಿರಲಿಲ್ಲ.

ಊರಿನ ಒಂದು ಅಂಗಡಿಯಿಂದ ಮಾಮಾಗೆ ಫೋನ್ ಮಾಡಿದೆ. ಅವರು ಹೇಳಿದರು:

"ಈಗ ಹೋಗಿ ಹೇಳು ಮಾದೇವಿ. ಅಲ್ಬಮ್ ಕೊಡೂ ದಿನ ಹೇಳಿದ್ರ ಅದು ಮೋಸ ಆಗ್ತದ. ಈಗ ಹೇಳಿದ್ರ ಬರೇ ತಪ್ಪು."

ಹೇಳಿದೆ. ಮದುಮಗಳ ಸೋದರತ್ತೆ ಹಣೆ ಹಣೆ ಬಡಿದುಕೊಂಡಳು. ಎರಡು ಸಲ ತಾಳಿ ಕಟ್ಟುವುದು ಅಪಶಕುನ ಎಂದು ಗಂಡಿನ ಕಡೆಯವರು ಎದ್ದು ನಿಂತರು. ಒಂದು ಗಂಟೆ ನಾನು ಕಂಬ ಹಿಡಿದು ನಿಂತಿದ್ದೆ. ಕೊನೆಗೆ ಮದುಮಗಳೇ ಬಂದು, ಕಟ್ಟುವುದು ಬೇಡ, ಕೊರಳ ಹತ್ತಿರ ಹಿಡಿದರೆ ಸಾಕು, ಫೋಟೋಕ್ಕೆ ಯಾರು ಗಂಟು ನೋಡುತ್ತಾರೆ, ಎಂದಳು. ಉಳಿದಿದ್ದ ಜನರನ್ನು ಮತ್ತೆ ನಿಲ್ಲಿಸಿ ಚಿತ್ರ ತೆಗೆದೆ. ಅಲ್ಬಮ್ಮಿನಲ್ಲಿ ಅವರೆಲ್ಲ ಮದುಮಗಳನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ಮಾಮಾ ನನ್ನ ಸಂಬಳ ಹಿಡಿಯಲಿಲ್ಲ. ಹಾಳಾದ ಒಂದು ರೋಲ್ ಕೊಟ್ಟು, ಡಾರ್ಕ್‌ರೂಮಿನ ಕತ್ತಲೆಯಲ್ಲಿ ಐವತ್ತು ಸಲ ಹಾಕಿ ತೆಗೆಯಲು ಹೇಳಿದರು. ಹಾಕಿದೆ. ಆ ತಪ್ಪು ಮತ್ತೆ ಆಗಲಿಲ್ಲ.

ಡಿಜಿಟಲ್ ಬಂದಾಗ ಮಾಮಾ ಬಹಳ ದಿನ ತಡೆದುಕೊಂಡರು. ಗಿರಾಕಿಗಳು ಬೇರೆ ಕಡೆ ಹೋಗತೊಡಗಿದಾಗ ಸಾಲ ಮಾಡಿ ಒಂದು ಕ್ಯಾಮೆರಾ ತಂದರು. ಮಾರಲು ಬಂದವನು ನಮ್ಮ ಕೌಂಟರಿನ ಮೇಲೇ ಲೆಕ್ಕ ಹಾಕಿ ತೋರಿಸಿದ್ದ: ರೋಲ್ ಇಲ್ಲ, ತೊಳೆಯುವುದಿಲ್ಲ, ಒಂದು ಸೀಸನ್‌ನಲ್ಲಿ ಸಾಲ ತೀರುತ್ತದೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಬಹಳವಿತ್ತು. ಆ ಚಿತ್ರಗಳನ್ನು ತೆರೆಯುವ ಶಕ್ತಿ ನಮ್ಮ ಹಳೆಯ ಕಂಪ್ಯೂಟರಿಗೆ ಇರಲಿಲ್ಲ. ಹೊಸದು ಬಂತು. ಪರದೆಯ ಮೇಲೆ ಕೆಂಪಾಗಿದ್ದ ಸೀರೆ ಪ್ರಿಂಟಿನಲ್ಲಿ ಇಟ್ಟಂಗಿ ಬಣ್ಣವಾಯಿತು, ಅದಕ್ಕೆ ಬೇರೆ ಪರದೆ ಬಂತು. ಕರೆಂಟು ಹೋಗಿ ಅರ್ಧ ಅಲ್ಬಮ್ ಅಳಿದುಹೋದ ಮೇಲೆ ಬ್ಯಾಟರಿ ಬಂತು. ನಾನು ಸೇರುವ ಮೊದಲಿನಿಂದಲೂ ಮಾಮಾ ಬಳಸುತ್ತಿದ್ದ ಫಿಲ್ಮ್ ಕ್ಯಾಮೆರಾಕ್ಕೆ ಒಮ್ಮೆ ಬೆಲ್ಟ್ ಹೊಲಿಸಿದ್ದು ಬಿಟ್ಟರೆ ಖರ್ಚೇ ಇರಲಿಲ್ಲ. ಡಿಜಿಟಲ್ ಕ್ಯಾಮೆರಾ ಮೂರು ವರ್ಷಕ್ಕೆ ಹಳತಾಯಿತು. ಮಾರಲು ಹೋದರೆ ಅಂಗಡಿಯವನು ಅದನ್ನು ಕೈಯಲ್ಲಿ ಹಿಡಿದೂ ನೋಡಲಿಲ್ಲ.

ಎಲ್ಲಕ್ಕಿಂತ ದೊಡ್ಡ ಖರ್ಚು ನನ್ನ ಕಣ್ಣಿನದು. ಫಿಲ್ಮಿನ ಮದುವೆಯನ್ನು ಒಂದು ಸಂಜೆಯಲ್ಲಿ ಆರಿಸಿ ಮುಗಿಸುತ್ತಿದ್ದೆ. ಈಗ ಒಂದು ಮದುವೆಗೆ ಸಾವಿರ ಚಿತ್ರ, ಹತ್ತು ದಿನ ಕಂಪ್ಯೂಟರಿನ ಮುಂದೆ. ಆ ಹತ್ತು ದಿನಕ್ಕೆ ಯಾರೂ ಹಣ ಕೊಡುತ್ತಿರಲಿಲ್ಲ. ರೋಲೇ ಇಲ್ಲದ ಮೇಲೆ ಇಷ್ಟು ಯಾಕೆ ಎಂದು ಗಿರಾಕಿಗಳು ಕೇಳುತ್ತಿದ್ದರು. ಕಣ್ಣಿಗೆ ಕಾಣದ ಖರ್ಚನ್ನು ಅವರಿಗೆ ವಿವರಿಸುವುದು ಮಾಮಾಗೆ ಬರಲಿಲ್ಲ. ದರ ಇಳಿಸಿದರು. ಇಳಿಸಿದ್ದನ್ನು ತುಂಬಿಕೊಳ್ಳಲು ಎಲ್ಲಿ ಉಳಿತಾಯವಾಗುತ್ತದೋ ಅಲ್ಲಿ ಹಿಡಿದರು. ನಾನೂ ಹಿಡಿದೆ.

ಆ ವರ್ಷ ನಮ್ಮಲ್ಲಿ ದೊಡ್ಡದೆನ್ನುವ ಮೆಮೊರಿ ಕಾರ್ಡ್ ಒಂದೇ ಇತ್ತು. ಒಂದು ದಿನ ಯಾವುದೋ ಕೆಲಸದಲ್ಲಿ ಅದು ಒಮ್ಮೆ ಎರರ್ ತೋರಿಸಿತು. ತೆಗೆದು, ಊದಿ, ಮತ್ತೆ ಹಾಕಿ, ಫಾರ್ಮ್ಯಾಟ್ ಮಾಡಿದೆ. ಸರಿಯಾಯಿತು. ಹೊಸ ಕಾರ್ಡ್ ಕೇಳಬೇಕು ಎಂದುಕೊಂಡು ಮಾಮಾ ಹತ್ತಿರ ಹೋದೆ. ಅವರು ಸಾಲದ ಕಂತಿನ ಬಗ್ಗೆ ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದರು. ಸುಮ್ಮನೆ ತಿರುಗಿ ಬಂದೆ. ಎರರ್ ಬಂದ ವಿಷಯವನ್ನೂ ಹೇಳಲಿಲ್ಲ.

ಒಂದು ವಾರದ ಮೇಲೆ ಖಾನಾಪುರದಾಚೆಯ ಗುಂಜಿಯಲ್ಲಿ ಮದುವೆ. ಮದುಮಗಳು ರೇಖಾ. ತಂದೆ ಪರಶುರಾಮ ರೈಲ್ವೆ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಎರಡು ತಿಂಗಳಿಂದ ಬೆಳಗಾವಿಯ ಆಸ್ಪತ್ರೆಯಲ್ಲಿದ್ದರು. ಒಂದು ದಿನದ ಮಟ್ಟಿಗೆ, ಸಂಜೆಯೊಳಗೆ ತಿರುಗಿ ತರುವ ಮಾತಿನ ಮೇಲೆ, ಡಾಕ್ಟರು ಬಿಟ್ಟಿದ್ದರು. ಅವರಿರುವಾಗಲೇ ಮದುವೆ ಆಗಲಿ ಎಂದು ಮುಹೂರ್ತವನ್ನು ಬೇಗನೆ ಇಟ್ಟುಕೊಂಡಿದ್ದರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಾನು ಬೆಳಗಿನ ಪ್ಯಾಸೆಂಜರ್ ರೈಲಿನಿಂದ ಇಳಿದು ಹೋಗುವಷ್ಟರಲ್ಲಿ ಅವರ ಗಾಡಿ ಬಂದಿತ್ತು. ಬೆನ್ನಿಗೆ ಎರಡು ದಿಂಬು ಕೊಟ್ಟು ಕುರ್ಚಿಯಲ್ಲಿ ಕೂಡಿಸಿದ್ದರು. ಅಂಗಿ ಮೈಮೇಲೆ ಸಡಿಲವಾಗಿ ನೇತಾಡುತ್ತಿತ್ತು. ನನ್ನ ಕ್ಯಾಮೆರಾ ನೋಡಿ ಹತ್ತಿರ ಕರೆದರು.

"ಅಕ್ಕಾರ, ಮಾರಿ ಸ್ವಲ್ಪ ದಪ್ಪ ಕಾಣೂಹಂಗ ತಗೀರಿ. ಬೀಗರು ಹೆದರ್‍ಯಾರು."

ಅವರೇ ನಕ್ಕರು. ಪಕ್ಕದಲ್ಲಿದ್ದ ಹೆಂಡತಿ ಸುಶೀಲಾಬಾಯಿ ನಗಲಿಲ್ಲ.

ಕನ್ಯಾದಾನದ ಹೊತ್ತಿಗೆ ಅವರನ್ನು ಎಬ್ಬಿಸಿ ನಿಲ್ಲಿಸಿದರು. ಮಗಳ ಕೈಯನ್ನು ಅಳಿಯನ ಕೈಯಲ್ಲಿ ಇಡುವಾಗ ಅವರ ಕೈ ನಡುಗಿತು. ಸುಶೀಲಾಬಾಯಿ ಕೆಳಗಿನಿಂದ ತನ್ನ ಅಂಗೈ ಕೊಟ್ಟು ಆ ಕೈಯನ್ನು ಎತ್ತಿ ಹಿಡಿದರು. ನಾನು ಮೊಣಕಾಲೂರಿ ಏಳು ಚಿತ್ರ ತೆಗೆದೆ. ಪರದೆಯ ಮೇಲೆ ನೋಡಿದೆ, ಎಲ್ಲ ಬಂದಿದ್ದವು. ಊಟದ ಹೊತ್ತಿಗೆ ರೇಖಾ ಬಂದು ತೋರಿಸಿ ಎಂದಳು. ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ಇದನ್ನು ದೊಡ್ಡದು ಮಾಡಿಕೊಡಿ ಎಂದಳು. ಡಿಜಿಟಲ್‌ನ ದೊಡ್ಡ ಸುಖ ಇದೇ. ತೆಗೆದ ಕ್ಷಣದಲ್ಲಿ ಕಾಣುತ್ತದೆ. ಕಂಡಿತು ಎಂದರೆ ಉಳಿಯಿತು ಎಂದು ನಾನು ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಕ್ಯಾಮೆರಾಕ್ಕೆ ಹಾಕಿದೆ, ಎರರ್. ಬೇರೆ ರೀಡರ್ ತಂದು ಹಾಕಿದೆ, ಅದೇ ಪ್ರಶ್ನೆ. ಮಾಮಾ ಬಂದು ಪರದೆ ನೋಡಿ, ಏನು ಕೇಳುತ್ತಿದೆ ಅದು, ಹೌದು ಅನ್ನು, ಎಂದು ಮೌಸ್‌ಗೆ ಕೈ ಹಾಕಿದರು. ಹೌದೆಂದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು, ನಾನು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ. ಅಷ್ಟು ವರ್ಷಗಳಲ್ಲಿ ಅವರ ಕೈಯನ್ನು ನಾನು ತಡೆದದ್ದು ಅದೊಂದೇ ಸಲ.

ಮೂರನೆಯ ದಿನ ಪರಶುರಾಮ ತೀರಿಕೊಂಡರು.

ಅದು ನಮಗೆ ಗೊತ್ತಾದದ್ದು ರೇಖಾಳ ಚಿಕ್ಕಪ್ಪ ಸ್ಟುಡಿಯೋಕ್ಕೆ ಬಂದಾಗ. ಚೌಕಟ್ಟು ಹಾಕಿಸಿ ಇಡಲು ಒಂದು ಫೋಟೋ ಬೇಕಾಗಿತ್ತು. ಆಸ್ಪತ್ರೆಗೆ ಸೇರುವ ಮೊದಲಿನದು ಗುರುತಿನ ಚೀಟಿಯ ಚಿತ್ರ ಒಂದೇ ಇದೆ, ಮದುವೆಯಲ್ಲಿ ಮಗಳ ಕೈ ಹಿಡಿದದ್ದೇ ಬೇಕೆಂದು ಮನೆಯವರು ಹೇಳಿದ್ದಾರೆ, ಎಂದರು. ಮಾಮಾ ಅವರಿಗೆ ಚಹಾ ತರಿಸಿದರು. ಕೆಲಸ ನಡೆದಿದೆ, ಇನ್ನು ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ನಾನು ಕೌಂಟರಿನ ಈಚೆ ನಿಂತು ಆ ಸುಳ್ಳನ್ನು ಕೇಳಿಸಿಕೊಂಡೆ.

ಅವರು ಹೋದ ಮೇಲೆ ನಾನು ಹೇಳಿದೆ: "ನಂದಗಡಕ್ಕ ಫೋನಿನ್ಯಾಗ ನೀವ ಹೇಳಿದ್ರಿ, ಈಗ ಹೇಳಿದ್ರ ತಪ್ಪು, ತಡಾ ಮಾಡಿದ್ರ ಮೋಸ ಅಂತ."

ಮಾಮಾ ನನ್ನ ಕಡೆ ನೋಡಲಿಲ್ಲ.

"ನಂದಗಡದಾಗ ಎಲ್ಲಾರೂ ಜೀವಂತ ಇದ್ರು, ಮಾದೇವಿ. ಮತ್ತ ನಿಂದ್ರಿಸಿದಿ. ಇವರನ್ನ ಎಲ್ಲಿಂದ ತಂದು ನಿಂದ್ರಸ್ತಿ?"

ಅವರು ಮುಂದುವರಿದು, ಈ ಸುದ್ದಿ ಹೊರಗೆ ಹೋದರೆ ಸೀಸನ್ ಮುಗಿಯಿತು, ಸಾಲ ಹಾಗೇ ಕೂತಿದೆ, ಎಂದರು. ಅದೂ ಖರೆಯೇ ಆಗಿತ್ತು.

ಪುಣೆಯಲ್ಲಿ ಹಾಳಾದ ಕಾರ್ಡಿನಿಂದ ಚಿತ್ರ ತೆಗೆಯುವವರಿದ್ದಾರೆ ಎಂದು ವಿಚಾರಿಸಿ ತಿಳಿದೆ. ಮಾಮಾಗೆ ಹೇಳಿ ಹೊರಟೆ. ಕಾರ್ಡನ್ನು ಹತ್ತಿಯಲ್ಲಿ ಸುತ್ತಿ, ಸಣ್ಣ ಡಬ್ಬಿಯಲ್ಲಿ ಹಾಕಿ, ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದಿದ್ದೆ. ಅಲ್ಲಿಯವನು ಹೇಳಿದ ಮೊತ್ತ ಗುಂಜಿಯ ಮದುವೆಗೆ ನಾವು ಒಪ್ಪಿಕೊಂಡದ್ದಕ್ಕಿಂತ ಹೆಚ್ಚಿತ್ತು. ಅದರಲ್ಲಿ ಹತ್ತಾರು ಹೊಸ ಕಾರ್ಡ್ ಬರುತ್ತಿದ್ದವು. ಸ್ಕೂಟರ್ ತೆಗೆದುಕೊಳ್ಳಲೆಂದು ಕೂಡಿಟ್ಟಿದ್ದ ಹಣ ಕೊಟ್ಟು, ಆ ಊರಲ್ಲೇ ಇದ್ದ ತಂಗಿಯ ಮನೆಯಲ್ಲಿ ಎರಡು ದಿನ ಕಾದೆ. ಯಾಕೆ ಸಪ್ಪಗಿದ್ದೀ ಎಂದು ತಂಗಿ ಕೇಳಿದರೆ ಕೆಲಸದ ತಲೆಬಿಸಿ ಎಂದೆ.

ಮೂರನೆಯ ದಿನ ಅವನು ತನ್ನ ಕಂಪ್ಯೂಟರಿನ ಎದುರು ಕೂಡಿಸಿದ. ಸುಮಾರು ಮುನ್ನೂರು ಚಿತ್ರ ಪೂರ್ತಿಯಾಗಿ ಬಂದಿದ್ದವು. ಹೆಚ್ಚಿನವು ಊಟದ ಪಂಕ್ತಿಯವು, ಗಂಡಿನ ಕಡೆಯ ಗುಂಪುಗಳು. ಉಳಿದವು ಅರ್ಧಂಬರ್ಧ, ಮೇಲೆ ಚಿತ್ರ, ಕೆಳಗೆ ಬೂದು ಪಟ್ಟಿ. ಒಂದೊಂದೇ ಸರಿಸುತ್ತ ಹೋದೆ. ಕನ್ಯಾದಾನದ ಏಳರಲ್ಲಿ ಆರು ತೆರೆಯಲೇ ಇಲ್ಲ. ಏಳನೆಯದರಲ್ಲಿ ಪರಶುರಾಮರು ಮುಖದಿಂದ ಎದೆಯವರೆಗೆ ಸ್ಪಷ್ಟವಾಗಿದ್ದರು. ಮಗಳ ಕಡೆ ನೋಡುತ್ತಿದ್ದರು. ಅಲ್ಲಿಂದ ಕೆಳಗೆ ಬರೀ ಬೂದು. ಕೈಗಳಿರಲಿಲ್ಲ. ಮಣೆಯ ಮೇಲೆ ಕೂತಿದ್ದ ಮಗಳೂ ಇರಲಿಲ್ಲ.

ಬೆಳಗಾವಿಗೆ ಬಂದು ಆ ಮುಖವನ್ನು ಪ್ರಿಂಟ್ ಮಾಡಿದೆ. ನಾಳೆ ಗುಂಜಿಗೆ ಹೋಗುತ್ತೇನೆ, ಎಲ್ಲ ಹೇಳುತ್ತೇನೆ ಎಂದು ಮಾಮಾಗೆ ತಿಳಿಸಿದೆ. ಅವರು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮರುದಿನ ಸ್ಟೇಶನ್ನಿಗೆ ಹೋದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಎರಡು ಟಿಕೆಟ್ ತೆಗೆಸಿದ್ದರು.

ಮನೆಯಲ್ಲಿ ಮಂಟಪದ ಕಂಬಗಳನ್ನು ಇನ್ನೂ ಕಿತ್ತಿರಲಿಲ್ಲ. ರೇಖಾ ಗಂಡನ ಮನೆಯಿಂದ ಬಂದಿದ್ದಳು. ಕುಂದರ್ರಿ ಎಂದರು, ನೀರು ಕೊಟ್ಟರು. ನಾನು ಕೂಡಲಿಲ್ಲ. ಕಾರ್ಡ್ ಹಾಳಾಗಿದೆ, ಚಿತ್ರ ಹೋಗಿವೆ, ಉಳಿದದ್ದು ಇಷ್ಟು ಎಂದು ನಿಂತೇ ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ರೇಖಾಗೆ.

"ನೀವು ಅವತ್ತ ಸ್ಕ್ರೀನಿನ್ಯಾಗ ತೋರಿಸಿದ್ರಿ," ಎಂದಳು. "ನಾನ ಕಣ್ಣಾರೆ ನೋಡೇನಿ. ಇತ್ತು ಅದು."

"ಇತ್ತವ್ವಾ."

"ಮತ್ತ ಹೆಂಗ ಹೋತು? ಕಾರ್ಡ್ ಕೆಟ್ಟೈತಿ ಅಂತ ನಿಮಗ ಮೊದಲ ಗೊತ್ತಿತ್ತೇನು?"

ಮಾಮಾ ನಡುವೆ ಬಾಯಿ ಹಾಕಿ, ಯಂತ್ರದ ಕೆಲಸ, ಯಾರಿಗೆ ಗೊತ್ತಾಗುತ್ತದೆ ಎಂದು ಶುರುಮಾಡಿದರು. ಅವರು ಹೇಳಿದ್ದು ಅವರ ಮಟ್ಟಿಗೆ ನಿಜ. ಅವರಿಗೆ ಗೊತ್ತಿರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

"ಗೊತ್ತಿತ್ತು," ಎಂದೆ. "ಒಂದು ವಾರ ಮೊದಲ ಒಮ್ಮೆ ಎರರ್ ತೋರಿಸಿತ್ತು. ಹೊಸಾದು ಕೇಳಲಿಲ್ಲ ನಾ. ಇವರಿಗೂ ಹೇಳಲಿಲ್ಲ. ನಡೀತದ ಅಂದ್ಕೊಂಡೆ."

ಮಾಮಾ ತಲೆ ಎತ್ತಿ ನನ್ನನ್ನು ನೋಡಿದರು. ಹಳೆಯ ದಿನಗಳಲ್ಲಿ ಮೇಜಿನ ಮೇಲೆ ಚಿತ್ರವಿಟ್ಟು ನೋಡುತ್ತಿದ್ದ ನೋಟವಲ್ಲ ಅದು. ಪರಿಚಯವಿಲ್ಲದವಳನ್ನು ನೋಡಿದಂತೆ ನೋಡಿದರು. ರೇಖಾ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ಸುಶೀಲಾಬಾಯಿ ಗೋಡೆಗೊರಗಿ ಕೂತಿದ್ದವರು ಕೈ ಚಾಚಿ ಪ್ರಿಂಟ್ ಇಸಿದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಮಾರಿ ಅದ," ಎಂದರು. ಪ್ರಿಂಟನ್ನು ಮಡಿಲಲ್ಲಿಟ್ಟುಕೊಂಡು, "ಕೈ ನಾನ ಹಿಡಿದಿದ್ದೆ," ಎಂದರು.

ಕ್ಷಮಿಸಿದ ಮಾತೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ಮಾಮಾ ಮುಂಗಡದ ಹಣವನ್ನು ಚಾಪೆಯ ಮೇಲೆ ಇಟ್ಟರು. ಸುಶೀಲಾಬಾಯಿ ಬೇಡವೆನ್ನಲಿಲ್ಲ, ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡರು. ಅದರಿಂದ ನನಗೆ ಎಷ್ಟೋ ಹಗುರವಾಯಿತು.

ತಿರುಗಿ ಬರುವಾಗ ರೈಲು ಖಾನಾಪುರ ದಾಟುವವರೆಗೆ ಮಾಮಾ ಕಿಟಕಿಯ ಹೊರಗೇ ನೋಡುತ್ತಿದ್ದರು. ಆಮೇಲೆ, ಒಂದು ಕಾರ್ಡ್ ಕೇಳಲು ನನ್ನ ಹತ್ತಿರ ಬರಲು ಅಷ್ಟು ಹೆದರಿಕೆಯಾಯಿತೇ ಎಂದು ಕೇಳಿದರು. ಹೌದೆಂದೆ.

"ಹಂಗಾದ್ರ ತಪ್ಪು ನಂದೂ ಅದ," ಎಂದರು, ಬೆಳಗಾವಿ ಹತ್ತಿರ ಬಂದಾಗ.

ಆ ವಾರವೇ ಎರಡು ಕಾರ್ಡುಗಳಲ್ಲಿ ಒಟ್ಟಿಗೆ ಬರೆಯುವ ಕ್ಯಾಮೆರಾಕ್ಕೆ ಹೇಳಿದರು. ಎರಡು ಹಾರ್ಡ್‌ಡಿಸ್ಕ್ ಬಂದವು, ಒಂದು ಸ್ಟುಡಿಯೋದಲ್ಲಿ, ಒಂದು ಬೆಳಗಾವಿಯದೇ ಶಹಾಪುರ ಭಾಗದ ನನ್ನ ಮನೆಯಲ್ಲಿ. ದರ ಏರಿಸಿದೆವು. ಯಾಕೆ ಏರಿತು ಎಂದು ಕೇಳಿದವರಿಗೆ ಗುಂಜಿಯ ಮದುವೆಯಲ್ಲಿ ಆದದ್ದನ್ನು, ಊರು ಹೆಸರು ಬಿಟ್ಟು, ನಾನೇ ಹೇಳುತ್ತಿದ್ದೆ. ಅರ್ಧ ಜನ ಎದ್ದು ಹೋದರು. ಉಳಿದವರಿಂದ ಸ್ಟುಡಿಯೋ ನಡೆಯಿತು, ಮೊದಲಿನಷ್ಟಲ್ಲ. ಆ ಸಾಲ ತೀರಲು ಸೀಸನ್ ಒಂದಲ್ಲ, ಬಹಳ ಬೇಕಾದವು. ಮಾಮಾ ಕೆಲಸ ಬಿಟ್ಟ ಮೇಲೆ ನಾನು ನಡೆಸಿದೆ, ಕಣ್ಣು ಕೈಕೊಡುವವರೆಗೆ.

ಫಿಲ್ಮೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಕತ್ತಲೆಯ ನಡುಮನೆಗಳಲ್ಲಿ ಫ್ಲ್ಯಾಶ್ ಇಲ್ಲದೆ ಅಜ್ಜಿಯರ ಮುಖ ತೆಗೆದದ್ದು ಡಿಜಿಟಲ್ ಬಂದ ಮೇಲೆಯೇ. ಮತ್ತೆ ಆ ರಾಸಾಯನಿಕದ ವಾಸನೆಗೆ ಹೋಗು ಎಂದರೆ ಹೋಗಲಾರೆ. ಆದರೆ ಕೆಲಸಕ್ಕೆ ಇಳಿಯುವ ಹುಡುಗಿಯರೇ, ಫಿಲ್ಮಿನ ಕಾಲದಲ್ಲಿ ಚಿತ್ರ ತೆಗೆಯುವುದಕ್ಕೆ ಹಣ ಬೀಳುತ್ತಿತ್ತು, ಈಗ ಅದನ್ನು ಉಳಿಸಿಕೊಳ್ಳುವುದಕ್ಕೆ ಬೀಳುತ್ತದೆ. ದರ ಹೇಳುವಾಗ ಅದನ್ನು ನಾಚದೆ ಸೇರಿಸಿ. ನಿಮ್ಮ ಕೈಕೆಳಗೆ ಯಾರಾದರೂ ಇದ್ದರೆ, ಕೇಳಲು ಬರುವವರಿಗೆ ಮುಖ ಕೊಡಿ.

ಕೆಲವು ವರ್ಷಗಳ ಮೇಲೆ ಒಂದು ದಿನ ರೇಖಾಳ ಫೋನ್ ಬಂತು. ಅವಳ ತಂಗಿಯ ಮದುವೆ ಗೊತ್ತಾಗಿತ್ತು.

"ಫೋಟೋಕ್ಕ ನಿಮಗ ಹೇಳೂದಿಲ್ರಿ," ಎಂದಳು. "ಬ್ಯಾರೆಯವರಿಗೆ ಹೇಳಾಕ ಹತ್ತೇವಿ. ಅವರಿಗೆ ಏನೇನು ಕೇಳಬೇಕು, ಅದನ್ನ ಹೇಳ್ರಿ."

ಹೇಳಿದೆ. ಕ್ಯಾಮೆರಾ ಎಷ್ಟು, ಕಾರ್ಡ್ ಎಷ್ಟು, ಒಮ್ಮೆಲೇ ಎರಡರಲ್ಲಿ ಬೀಳುತ್ತದೆಯೇ, ಅದೇ ದಿನ ಎಷ್ಟು ಕಡೆ ನಕಲು ಮಾಡುತ್ತಾರೆ, ಕಾರ್ಡ್ ಹಿಂದೆ ಎಂದಾದರೂ ಕೈಕೊಟ್ಟಿದೆಯೇ. ಕೊನೆಯದನ್ನು ಅವಳು ಮತ್ತೊಮ್ಮೆ ಹೇಳಿಸಿ ಬರೆದುಕೊಂಡಳು. ಇದನ್ನೆಲ್ಲ ಕೊಡುವವರು ಕಡಿಮೆ ದರಕ್ಕೆ ಬರುವುದಿಲ್ಲ ಎಂದೆ. ಗೊತ್ತು ಎಂದಳು. ಫೋನ್ ಇಡುವ ಮೊದಲು, ಅವ್ವ ನಿಮಗೆ ಮದುವೆ ಊಟಕ್ಕೆ ಬರಲು ಹೇಳಿದ್ದಾಳೆ ಎಂದಳು.

ಹೋದೆ. ಕೊರಳಲ್ಲಿ ಕ್ಯಾಮೆರಾ ಇಲ್ಲದೆ ಮದುವೆಯಲ್ಲಿ ಕುರ್ಚಿಯ ಮೇಲೆ ಕೂತದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಇಬ್ಬರು ಫೋಟೋಗ್ರಾಫರುಗಳು ಓಡಾಡುತ್ತಿದ್ದರು. ಅಕ್ಷತೆ ಮುಗಿದ ಮೇಲೆ ಅವರಲ್ಲೊಬ್ಬಳು ಮೂಲೆಗೆ ಸರಿದು ಕಾರ್ಡ್ ತೆಗೆದು, ಬೇರೆ ಹಾಕಿ, ತೆಗೆದದ್ದನ್ನು ಡಬ್ಬಿಯಲ್ಲಿ ಮುಚ್ಚಿ ಒಳಜೇಬಿಗೆ ಹಾಕಿಕೊಂಡಳು. ನಾನು ಅದನ್ನು ನೋಡಿದೆ. ಅತ್ತ ಮಂಟಪದಲ್ಲಿ ನಿಂತಿದ್ದ ರೇಖಾಳೂ ಅದನ್ನೇ ನೋಡುತ್ತಿದ್ದಳು. ನಮ್ಮ ಕಣ್ಣು ಕೂಡಿದವು. ಅವಳು ನಗಲಿಲ್ಲ. ಪಂಕ್ತಿಯ ಕಡೆ ಕೈ ತೋರಿಸಿದಳು, ಊಟಕ್ಕೆ ಏಳ್ರಿ ಎಂದು.